ಹೊಕ್ಕುಳ ಸುತ್ತಿನ ಕೆಂಪು

ಐವರ್ನಾಡು
2 ಮಾರ್ಚ್ 1959

ಪ್ರೀತಿಯ ಅಕ್ಕನಿಗೆ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಕಳೆದ ಗುರುವಾರ ಬೆಳಿಗ್ಗೆ ನನಗೆ ಹೆಣ್ಣು ಮಗು ಹುಟ್ಟಿತು. ನೀನು ದೊಡ್ಡಮ್ಮ ಆದೆ. ಮಗುವಿಗೆ ತಲೆ ತುಂಬ ಕೂದಲು ಉಂಟು, ಮೂಗು ಮಾತ್ರ ನಮ್ಮ ಕುಕ್ಕಪ್ಪಣ್ಣನದ್ದೇ, ಚಪ್ಪಟೆ. ಇವರಿಗೆ ಅಂಬಾಲಕ್ಕೆ ತಂತಿ ಕೊಟ್ಟಿದ್ದೇವೆ. ಸೈನ್ಯದಲ್ಲಿ ಜೂನ್ ತನಕ ರಜೆ ಸಿಗುವುದಿಲ್ಲವಂತೆ. ಮಗಳ ಮುಖ ನೋಡಲು ನಾಲ್ಕು ತಿಂಗಳು ಕಾಯಬೇಕು ಪಾಪ.

ಹದಿಮೂರನೇ ತಾರೀಕು ಶುಕ್ರವಾರ ತೊಟ್ಟಿಲಿಗೆ ಹಾಕುವುದು. ಪೆರಾಬೆಯಿಂದ ಅತ್ತೆ ಮಾವ, ಅವರ ಕಡೆಯವರು ಎಲ್ಲ ಬರುತ್ತಾರೆ. ಅಕ್ಕ, ನೀನೂ ಬಾ. ಬಾವನನ್ನೂ ಕರೆದುಕೊಂಡು ಬಾ. ಕೊಯಿಲದ ಫಾರ್ಮಿನ ದನಗಳು ಎರಡು ದಿನ ಬಾವ ಇಲ್ಲದಿದ್ದರೆ ಸಾಯುವುದಿಲ್ಲ. ನೀನು ಈ ಮನೆಯ ಅಂಗಳ ತುಳಿಯದೆ ಬರುವ ಮೇ ತಿಂಗಳಿಗೆ ನಾಲ್ಕು ವರ್ಷ ಆಗುತ್ತದೆ. ನನ್ನ ಮದುವೆಗೂ ನೀನು ಬಂದದ್ದು ನೇರ ಪೆರಾಬೆಗೆ, ಈ ಮನೆಗಲ್ಲ.

ಅವ್ವನ ಬಗ್ಗೆ ಬರೆಯಬಾರದು ಅಂತ ಇದ್ದೆ. ಆದರೂ ಬರೆಯುತ್ತೇನೆ. ಈ ಊರಿನ ಅರ್ಧ ಮಕ್ಕಳು ಅವ್ವನ ಕೈಗೇ ಹುಟ್ಟಿದವು, ನಿನಗೆ ಗೊತ್ತುಂಟು. ಈಗ ಯಾರು ಬಂದು ಕರೆದರೂ ಹೋಗುವುದಿಲ್ಲ. ನನ್ನ ಹೆರಿಗೆಗೂ ಸೂಲಗಿತ್ತಿ ಅಪ್ಪಿಯನ್ನು ಕರೆಸಿ ತಾನು ಬಾಗಿಲ ಹೊರಗೆ ನಿಂತಳು. ಮಗುವನ್ನು ಬಟ್ಟೆ ಸುತ್ತಿ ಕೊಟ್ಟರೆ ಎತ್ತಿಕೊಳ್ಳುತ್ತಾಳೆ. ಮೀಯಿಸುವ ಹೊತ್ತಿಗೆ ಮಾತ್ರ ಎದ್ದು ಹೊರಗೆ ಹೋಗುತ್ತಾಳೆ. ಹೊಕ್ಕುಳಿನ ಕಡೆ ಕಣ್ಣೇ ಹಾಕುವುದಿಲ್ಲ. ಅಪ್ಪಿ ಬಂದು ಎಂತ ಮಾಡಬೇಕು ಅಂತ ಕೇಳಿದರೆ, "ನನ್ನ ಹತ್ತಿರ ಕೇಳಬೇಡ" ಅನ್ನುತ್ತಾಳೆ.

ಬರುತ್ತೀಯಲ್ಲ?

ನಿನ್ನ ತಂಗಿ,
ಸೇವಂತಿ


ಕೊಯಿಲ
5 ಮಾರ್ಚ್ 1959

ಸೇವಂತಿಗೆ,

ಕಾಗದ ಸಿಕ್ಕಿತು. ಮಗುವಿಗೂ ನಿನಗೂ ಒಳ್ಳೆಯದಾಗಲಿ. ಹಳೆಯ ಮೆತ್ತನೆ ಸೀರೆ ಹರಿದು ಹೊಲಿದ ನಾಲ್ಕು ಬಟ್ಟೆ ಕಳಿಸಿದ್ದೇನೆ. ನೀರು ಕುದಿಸಿ ಅದರಲ್ಲಿ ಅದ್ದಿ ಬಿಸಿಲಿಗೆ ಒಣಗಿಸಿ ಉಪಯೋಗಿಸು.

ನನಗೆ ಬರಲಿಕ್ಕೆ ಆಗುವುದಿಲ್ಲ. ಬಾವನಿಗೆ ಇಲ್ಲಿ ಕರುಗಳಿಗೆ ಮದ್ದು ಚುಚ್ಚುವ ಕೆಲಸ ಉಂಟು, ದೊಡ್ಡ ಆಫೀಸರು ಬರುವವರಿದ್ದಾರೆ.

ಹೊಕ್ಕುಳ ಬಳ್ಳಿ ಬಿದ್ದಾಯಿತಾ? ಅದಕ್ಕೆ ಎಂತ ಹಾಕುತ್ತಾರೆ? ಯಾರು ಹೇಳಿದರೂ ಎಂತದೂ ಹಾಕಿಸಬೇಡ. ಮಸಿ, ಬೂದಿ, ಅರಶಿನ, ಎಣ್ಣೆ ಯಾವುದೂ ಬೇಡ. ದಿನಾ ಒಂದು ಸಲ ನೀನೇ ನೋಡು. ಇದಕ್ಕೆ ಮಾತ್ರ ಕೂಡಲೇ ಉತ್ತರ ಬರಿ. ಬೇರೆ ಎಂತ ಬರೆಯದಿದ್ದರೂ ಅಡ್ಡಿಯಿಲ್ಲ.

ಕಮಲಾವತಿ


ಐವರ್ನಾಡು
9 ಮಾರ್ಚ್ 1959

ಅಕ್ಕ,

ಬಟ್ಟೆ ಬಂತು. ನೀನು ಬರುವುದಿಲ್ಲ ಅಂತ ಓದಿ ಸ್ವಲ್ಪ ಅತ್ತೆ. ಬಾಣಂತಿಗೆ ಅಳು ಬೇಗ ಬರುತ್ತದೆ ಅಂತ ಅಪ್ಪಿ ಹೇಳುತ್ತಾಳೆ, ಅದಕ್ಕೇ ಇರಬಹುದು.

ಬಳ್ಳಿ ಶುಕ್ರವಾರ ಬಿತ್ತು. ನಾವು ಎಂತದೂ ಹಾಕಲಿಲ್ಲ. ಅಪ್ಪಿ ಒಂದು ಸಲ ಕೊಬ್ಬರಿ ಎಣ್ಣೆ ಸವರಿದಳು, ಅಷ್ಟೇ. ನಿನ್ನೆ ಮೀಯಿಸುವಾಗ ನೋಡಿದರೆ ಹೊಕ್ಕುಳ ಸುತ್ತ ಒಂದು ಬೆರಳಗಲ ಕೆಂಪಾಗಿತ್ತು. ಒಳಗೆ ಸ್ವಲ್ಪ ಒದ್ದೆ. ಏನೋ ವಾಸನೆ. ನಾನು ಬಟ್ಟೆ ಉಜ್ಜಿದ್ದಕ್ಕೆ ಇರಬಹುದು ಅಂದುಕೊಂಡೆ. ಇವತ್ತು ಕೆಂಪು ಸ್ವಲ್ಪ ಜಾಸ್ತಿ ಆದ ಹಾಗೆ ಕಾಣುತ್ತದೆ, ನನ್ನ ಕಣ್ಣಿಗೆ ಮಾತ್ರವೋ ಏನೋ. ಮುಟ್ಟಿದರೆ ಬಿಸಿ. ಹಾಲು ಕುಡಿಯುವುದು ಕಮ್ಮಿ ಮಾಡಿದೆ. ನಿದ್ದೆ ಬಹಳ.

ಯಾರಿಗೂ ಹೇಳಲಿಲ್ಲ. ಅವ್ವನಿಗೆ ಹೇಳುವುದು ಹೇಗೆ? ಹೊಕ್ಕುಳು ಅನ್ನುವ ಮಾತು ಕೇಳಿದರೆ ಅವಳ ಮುಖ ಬೂದಿಯ ಹಾಗೆ ಆಗುತ್ತದೆ. ಅಪ್ಪಿಗೆ ಎರಡು ದಿನ ಜ್ವರ, ಬರಲಿಲ್ಲ, ನಾನೇ ಮೀಯಿಸುತ್ತಿದ್ದೇನೆ. ಬಟ್ಟೆಯನ್ನು ಸ್ವಲ್ಪ ಮೇಲಕ್ಕೆ ಸುತ್ತಿ ಕಟ್ಟುತ್ತೇನೆ. ಶುಕ್ರವಾರ ಪೆರಾಬೆಯವರು ಎಲ್ಲ ಬರುತ್ತಾರೆ, ಅಣ್ಣ ಚಪ್ಪರಕ್ಕೆ ತೆಂಗಿನ ಮಡಲು ಹೆಣೆಯಿಸುತ್ತಿದ್ದಾನೆ. ಈಗ ಮಗುವಿಗೆ ಸೌಖ್ಯವಿಲ್ಲ ಅಂತ ಬಾಯಿಬಿಟ್ಟರೆ ಎಲ್ಲರ ಸಂತೋಷ ಹಾಳು. ಅತ್ತೆ ಏನಾದರೂ ಹೇಳಿಯಾರು. ತೊಟ್ಟಿಲು ಒಂದು ಆಗಿಬಿಡಲಿ. ಶನಿವಾರ ಬೆಳಿಗ್ಗೆಯೇ ಪುತ್ತೂರಿಗೆ ಕರೆದುಕೊಂಡು ಹೋಗಿ ಡಾಕ್ಟ್ರಿಗೆ ತೋರಿಸುತ್ತೇನೆ. ನಾಲ್ಕು ದಿನ ತಾನೇ?

ನೀನು ಅವ್ವನಿಗೆ ಬರೆಯುವುದಿಲ್ಲ ಅನ್ನುವ ಧೈರ್ಯದಿಂದ ನಿನಗೆ ಮಾತ್ರ ಬರೆದಿದ್ದೇನೆ. ಹೆದರುವಂಥದ್ದು ಅಲ್ಲ ಅಂತ ಒಂದು ಸಾಲು ಬರಿ.

ಸೇವಂತಿ


ಕೊಯಿಲ
11 ಮಾರ್ಚ್ 1959, ಬುಧವಾರ

ಸೇವಂತಿ,

ಈ ಕಾಗದ ಓದುವ ಮೊದಲು ಮಗುವಿನ ಬಟ್ಟೆ ಬಿಚ್ಚು. ಅಂಗಳಕ್ಕೆ ತಂದು ಬೆಳಕಿನಲ್ಲಿ ಹೊಟ್ಟೆ ನೋಡು. ಕೆಂಪು ಎಲ್ಲಿಯವರೆಗೆ ಉಂಟೋ ಅಲ್ಲಿಗೆ ಮಸಿಕಡ್ಡಿಯಿಂದ ಸುತ್ತ ಒಂದು ಗೆರೆ ಎಳೆ. ಬಾವ ಹೇಳಿದ್ದು ಇದು. ಆಮೇಲೆ ದಾರಿಯಲ್ಲಿ ಗಂಟೆಗೊಮ್ಮೆ ಕೆಂಪು ಗೆರೆ ದಾಟಿತಾ ನೋಡಬೇಕು. ದಾಟದಿದ್ದರೂ ಹಿಂದೆ ತಿರುಗಬೇಡ. ದಾಟಿದರಂತೂ ನಿಲ್ಲಲೇಬೇಡ.

ಈ ಕಾಗದ ತಂದವರು ಸಾಹುಲ್ ಹಮೀದ್. ನಮ್ಮ ಫಾರ್ಮಿಗೆ ಬೈಹುಲ್ಲು ತರುವ ಲಾರಿ ಅವರದ್ದು. ನಾಳೆ ಬೆಳ್ಳಾರೆ ಕಡೆಗೆ ಖಾಲಿ ಹೋಗುವವರು ಅಂತ ಬಾವ ಸೈಕಲಿನಲ್ಲಿ ಹೋಗಿ ಅವರನ್ನು ಹಿಡಿದು ಮಾತಾಡಿ ಬಂದರು. ಅವರು ಕಾಯುತ್ತಾರೆ. ಅದೇ ಲಾರಿಯಲ್ಲಿ ಪುತ್ತೂರಿಗೆ ಹೋಗು, ಸರ್ವೋತ್ತಮ ಡಾಕ್ಟ್ರ ಆಸ್ಪತ್ರೆಗೆ. ಶುಕ್ರವಾರ ಬೇಡ. ಶನಿವಾರ ಬೇಡ. ಈಗ.

ಯಾಕೆ ಅಂತ ಹೇಳದಿದ್ದರೆ ನೀನು ಹೊರಡಲಿಕ್ಕಿಲ್ಲ. ಹಾಗಾಗಿ ಹೇಳುತ್ತೇನೆ. ಬಾವನಿಗೂ ಈವರೆಗೆ ಹೇಳಿರಲಿಲ್ಲ. ಇವತ್ತು ಹೇಳಿದೆ.

ನನ್ನ ಮಗು, ಪೂವಪ್ಪ, ಅವನ ಹೊಕ್ಕುಳ ಸುತ್ತ ಹೀಗೇ ಕೆಂಪಾಗಿತ್ತು. ಅವತ್ತು ಅವನನ್ನು ತೊಟ್ಟಿಲಿಗೆ ಹಾಕುವ ದಿನ. ಬೆಳಿಗ್ಗೆ ಮೀಯಿಸಿ ಒರೆಸುವಾಗ ನಾನು ನೋಡಿದೆ. ಅಂಗಳದಲ್ಲಿ ಬಾವನ ಕಡೆಯವರು ಬಂದು ಕೂತಿದ್ದರು. ಅಪ್ಪ ಆಗ ಇದ್ದರಲ್ಲ, ಅಪ್ಪ ಹೊಸ ಪಂಚೆ ಉಟ್ಟು ಎಲ್ಲರಿಗೂ ಪಾನಕ ಕೊಡುತ್ತಿದ್ದರು. ನಾನು ಬಟ್ಟೆಯನ್ನು ಮೇಲಕ್ಕೆ ಸುತ್ತಿ ಕಟ್ಟಿದೆ. ನೀನು ಬರೆದಿದ್ದೀಯಲ್ಲ, ಹಾಗೆಯೇ. ಇವತ್ತು ಒಂದು ದಿನ ಕಳೆಯಲಿ ಅಂತ. ಮರುದಿನ ನೆಂಟರು ಹೋಗುವವರೆಗೆ ಅಂತ. ಅದರ ಮರುದಿನ ನೋಡಿದರೆ ಕೆಂಪು ಪಕ್ಕೆಯವರೆಗೆ ಹೋಗಿತ್ತು. ಹೊಟ್ಟೆ ಹಲಗೆಯ ಹಾಗೆ ಗಟ್ಟಿ. ನಡುವಿನಲ್ಲಿ ನೇರಳೆ ಹಣ್ಣಿನ ಬಣ್ಣ. ಆಗ ಅವ್ವನನ್ನು ಕರೆದೆ. ಅವ್ವ ನೋಡಿ, "ಇದು ಯಾವಾಗಿಂದ?" ಅಂತ ಕೇಳಿದಳು. "ಈಗಷ್ಟೇ" ಅಂದೆ. ಸಂಜೆಗೆ ಮಗು ಅಳುವುದು ನಿಲ್ಲಿಸಿತು. ಆಮೇಲಿನದ್ದು ನಿನಗೆ ಗೊತ್ತುಂಟು.

ಅಂಗಳದಲ್ಲಿ ಅಷ್ಟು ಜನರ ಎದುರು ನಾನು ಅವ್ವನಿಗೆ ಹೇಳಿದ್ದೂ ನಿನಗೆ ಗೊತ್ತುಂಟು. "ನಿನ್ನ ಗೆರಟೆ ಮಸಿ ನನ್ನ ಮಗುವನ್ನು ತಿಂದಿತು" ಅಂದೆ. ಅವಳು ಎಲ್ಲ ಮಕ್ಕಳಿಗೂ ಹಚ್ಚುವ ಹಾಗೆ ಸುಟ್ಟ ತೆಂಗಿನ ಗೆರಟೆಯ ಮಸಿ ಎಣ್ಣೆಯಲ್ಲಿ ಕಲಸಿ ಹಚ್ಚಿದ್ದು ನಿಜ. ಆದರೆ ಎರಡು ದಿನ ಮುಚ್ಚಿಟ್ಟದ್ದು ನಾನು. ಅವ್ವ ಒಂದು ಮಾತೂ ಎದುರು ಹೇಳಲಿಲ್ಲ. ಅವಳು ಹೇಳಿದ್ದರೆ ನಾನು ಅಲ್ಲಿಯೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ನಾನು ಬಸ್ಸು ಹತ್ತಿದೆ. ಹೇಳಿದ ಸುಳ್ಳು ನಾಲ್ಕು ವರ್ಷದಲ್ಲಿ ನನಗೇ ನಿಜದ ಹಾಗೆ ಆಗಿತ್ತು. ನಿನ್ನ ಕಾಗದ ಓದಿದ ಮೇಲೆ ಇನ್ನು ಹಾಗೆ ನಂಬಲಿಕ್ಕೆ ಆಗುವುದಿಲ್ಲ.

ಈಗ ಅವ್ವ ನಿನ್ನ ಮಗುವಿನ ಹೊಟ್ಟೆ ನೋಡುವುದಿಲ್ಲ ಅಂತ ಬರೆದಿದ್ದೀಯ. ಅವಳು ನೋಡಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದಳು. ಅವಳ ಕಣ್ಣು ಕಟ್ಟಿದವಳು ನಾನು.

ಬಾವ ಹೇಳುತ್ತಾರೆ, ಕರುಗಳಿಗೆ ಇಂಥದ್ದು ಬಂದರೆ ಬೆಳಿಗ್ಗೆ ಕಂಡದ್ದು ಸಂಜೆಗೆ ತೊಡೆ ಪೂರ್ತಿ ಹಬ್ಬಿರುತ್ತದೆ ಅಂತ. ಚರ್ಮದ ಅಡಿಯಲ್ಲಿ ಓಡುತ್ತದಂತೆ, ಮೇಲೆ ಕಾಣುವುದು ಕಮ್ಮಿಯೇ.

ನಾನೇ ಬರಬೇಕಿತ್ತು. ಆ ಅಂಗಳಕ್ಕೆ ಕಾಲಿಡುವ ಧೈರ್ಯ ನನಗಿಲ್ಲ ಸೇವಂತಿ. ಹೊರಡು. ಓದಿದ್ದು ಸಾಕು, ಹೊರಡು.

ಕಮಲ


ಪುತ್ತೂರು
13 ಮಾರ್ಚ್, ಶುಕ್ರವಾರ, ಬೆಳಿಗ್ಗೆ

ಅಕ್ಕ,

ಒಳಗೆ ಮಗುವಿಗೆ ಕೊಯ್ಯುತ್ತಿದ್ದಾರೆ. ರಾಜೀವಿ ಅಂತ ಒಬ್ಬರು ನರ್ಸಮ್ಮ ಈ ಕಾಗದ ಪೆನ್ನು ಕೊಟ್ಟು, "ಸುಮ್ಮನೆ ಕೂತ್ರೆ ತಲೆ ಕೆಡ್ತದೆ, ಯಾರಿಗಾದ್ರೂ ಬರಿ" ಅಂತ ಹೇಳಿ ಬಾಗಿಲು ಹಾಕಿಕೊಂಡರು. ನನ್ನ ಅಕ್ಷರ ನೋಡಬೇಡ.

ನಿನ್ನೆ ನಿನ್ನ ಕಾಗದ ಬಂದದ್ದು ಹತ್ತು ಗಂಟೆಗೆ. ಸಾಹುಲ್ ಹಮೀದ್ ಅಂಗಳದಲ್ಲಿ ನಿಂತು, "ಕೊಯಿಲದಿಂದ ತುರ್ತು ಕಾಗದ ಉಂಟು, ನಿಂತು ಕರ್ಕೊಂಡು ಹೋಗ್ಬೇಕಂತೆ" ಅಂದರು. ಅವ್ವ ನಾಳೆಯ ಊಟಕ್ಕೆ ಅಕ್ಕಿ ಕೇರುತ್ತಿದ್ದಳು. ನಿನಗೇ ಏನೋ ಆಯಿತು ಅಂತ ಅವಳಿಗೆ. "ಕಮಲನಿಗೆ ಎಂತ ಆಯ್ತು? ಗಟ್ಟಿಯಾಗಿ ಓದು, ಗಟ್ಟಿಯಾಗಿ ಓದು" ಅಂತ ಗೆರಸೆ ಬಿಟ್ಟು ಬಂದಳು. ಅವಳಿಗೆ ಓದಲು ಬಾರದು, ನನಗೆ ಮುಚ್ಚಲು ಬರಲಿಲ್ಲ. ಮೊದಲ ಸಾಲು ಓದಿದ ಮೇಲೆ ನಿಲ್ಲಿಸಲು ಅವಳು ಬಿಡಲೂ ಇಲ್ಲ. ಎಲ್ಲ ಓದಿದೆ ಅಕ್ಕ. ಎಲ್ಲ. ಪೂವಪ್ಪನ ಹೆಸರು ಬಂದಾಗ ಅವಳು ಕಂಬ ಹಿಡಿದುಕೊಂಡಳು. "ಈಗಷ್ಟೇ" ಅಂತ ನೀನು ಹೇಳಿದ್ದು ಬಂದಾಗ ಅವಳ ಮುಖ ನಾನು ನೋಡಲಿಲ್ಲ.

ಓದಿ ಮುಗಿಸಿದ ಕೂಡಲೇ ಅವಳು ಒಳಗೆ ಹೋಗಿ ಮಗುವನ್ನು ತಂದು ಚಾವಡಿಯ ಬೆಳಕಿನಲ್ಲಿ ಬಟ್ಟೆ ಬಿಚ್ಚಿದಳು. ಎರಡು ಬೆರಳಿನಿಂದ ಒತ್ತಿ ನೋಡಿದಳು. ಒತ್ತಿದ ಜಾಗದಲ್ಲಿ ಗುಳಿ ಬಿದ್ದು ಹಾಗೇ ನಿಂತಿತು. ಹೊಕ್ಕುಳ ಕೆಳಗೆ ಒಂದು ಕಡೆ ಬಣ್ಣ ಬೇರೆಯೇ ಇತ್ತು. ನೀನು ಬರೆದ ಬಣ್ಣ. ಬೆಳಿಗ್ಗೆ ಮೀಯಿಸುವಾಗ ಅದು ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಅವ್ವ ನನಗೆ ಬೈಯಲಿಲ್ಲ. "ಮಸಿಕಡ್ಡಿ ತಾ" ಅಂದಳು. ಗೆರೆ ಅವಳೇ ಎಳೆದಳು. ಅಣ್ಣ, "ನಾಳೆ ಅಷ್ಟು ಜನ ಬರ್ತಾರಲ್ಲ ಅವ್ವ" ಅಂದ. "ಬಂದವರಿಗೆ ಊಟ ಹಾಕಿ ಕಳ್ಸು" ಅಂತ ಹೇಳಿ ಮಗುವನ್ನು ಎದೆಗೆ ಹಿಡಿದು ಲಾರಿಯ ಕಡೆಗೆ ನಡೆದಳು. ಚಪ್ಪಲಿ ಕೂಡ ಹಾಕಲಿಲ್ಲ. ನಾನು ಹಿಂದಿನಿಂದ ಓಡಿದೆ.

ಸಾಹುಲ್ ಹಮೀದ್ ಹೊಂಡ ಕಂಡಲ್ಲೆಲ್ಲ ಲಾರಿಯನ್ನು ನಿಲ್ಲಿಸಿಯೇ ದಾಟಿಸಿದರು. ದಾರಿಯಲ್ಲಿ ಒಂದು ಸಲ ಹಾಲು ಕುಡಿಸಲು ನೋಡಿದೆ, ಬಾಯಿ ತೆರೆಯಲಿಲ್ಲ. ಮೊದಮೊದಲು ನರಳುತ್ತಿತ್ತು. ಪುತ್ತೂರಿನ ದೊಡ್ಡ ರಸ್ತೆ ಕೂಡುವ ಹೊತ್ತಿಗೆ ನರಳುವುದೂ ನಿಂತಿತು. ಅವ್ವ ಪ್ರತಿ ಮೈಲಿಗೂ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದಳು. ಆಸ್ಪತ್ರೆಯ ಮೆಟ್ಟಿಲಲ್ಲಿ ಬಟ್ಟೆ ಸರಿಸಿದರೆ ಕೆಂಪು ಗೆರೆಯನ್ನು ಒಂದೂವರೆ ಬೆರಳು ದಾಟಿತ್ತು.

ಸರ್ವೋತ್ತಮ ಡಾಕ್ಟ್ರು ಕನ್ನಡಕ ತೆಗೆದು ಬಗ್ಗಿ ನೋಡಿದರು.

"ಎಷ್ಟು ದಿನ ಆಯ್ತು ಇದಕ್ಕೆ?"

ನಾನು ಮಗುವಿನ ಬಟ್ಟೆ ಎಳೆದು ಮುಚ್ಚಲು ಹೋದೆ. ಅವ್ವ ನನ್ನ ರಟ್ಟೆ ಹಿಡಿದು, "ಸರಿಯಾಗಿ ಹೇಳು" ಅಂದಳು.

"ಐದು ದಿನ" ಅಂದೆ.

ಅವರು ಬೈಯುತ್ತಾರೆ ಅಂತ ಇದ್ದೆ. ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆ ಆಯಿತು. ಪೆನ್ಸಿಲಿನ್ ಚುಚ್ಚಿದರು, ಮೂರು ಮೂರು ಗಂಟೆಗೆ ಒಂದು. ಅಷ್ಟು ಸಣ್ಣ ತೊಡೆ ಅಕ್ಕ, ಸೂಜಿ ಹೋಗಲು ಜಾಗವೇ ಇಲ್ಲ.

ಇವತ್ತು ಬೆಳಿಗ್ಗೆ ಆ ನೇರಳೆ ಜಾಗ ಕಪ್ಪಾಗಿತ್ತು. ಡಾಕ್ಟ್ರು ನಮ್ಮನ್ನು ಕೂರಿಸಿ ಹೇಳಿದರು. "ಒಳಗೆ ಮಾಂಸ ಸತ್ತಿದೆ. ಸತ್ತದ್ದನ್ನು ಪೂರ ಕೊಯ್ದು ತೆಗೀಬೇಕು, ಇಲ್ಲದಿದ್ರೆ ಮದ್ದು ಅಲ್ಲಿಗೆ ಮುಟ್ಟುದಿಲ್ಲ. ಇದು ಮಂಗಳೂರಿಗೆ ಕಳ್ಸುವ ಕೇಸು. ಆದ್ರೆ ಈ ಮಗು ಮಂಗಳೂರು ಮುಟ್ಲಿಕ್ಕಿಲ್ಲ. ಇಷ್ಟು ಸಣ್ಣದಕ್ಕೆ ನಾನು ಈ ಕೆಲಸ ಮಾಡಿದವನಲ್ಲ. ಸುಳ್ಳು ಹೇಳುದಿಲ್ಲ."

ನಾನು ಅಳುತ್ತಿದ್ದೆ. ಅವ್ವ ಕೇಳಿದಳು, "ಮಾಡದಿದ್ರೆ?"

"ಮಾಡದಿದ್ರೆ ಇವತ್ತು ಸಂಜೆ."

"ಮಾಡಿ" ಅಂದಳು.

ಪುಸ್ತಕದಲ್ಲಿ ಬರೆಯಲು ರಾಜೀವಿಯಮ್ಮ ಮಗುವಿನ ಹೆಸರು ಕೇಳಿದರು. ಇನ್ನೂ ಇಟ್ಟಿಲ್ಲ ಅಂದೆ. ಈ ಹೊತ್ತಿಗೆ ಮನೆಯಲ್ಲಿ ಇಡಬೇಕಿತ್ತಲ್ಲ. ಅವ್ವ ಯಾರನ್ನೂ ಕೇಳದೆ, "ಭವಾನಿ ಅಂತ ಬರಿ" ಅಂದಳು. "ಹೆಸರಿಲ್ಲದೆ ಒಳಗೆ ಹೋಗುದು ಬೇಡ."

ಒಂದು ಗಂಟೆಯಿಂದ ಬಾಗಿಲು ಮುಚ್ಚಿಯೇ ಉಂಟು. ಒಳಗಿಂದ ಅಳು ಕೇಳುವುದಿಲ್ಲ. ಅವ್ವ ಬಾಗಿಲಿಗೆ ಕಿವಿ ಇಟ್ಟು ನಿಂತಿದ್ದಾಳೆ. ಸಾಹುಲ್ ಹಮೀದ್ ಹೊರಡುತ್ತಾರಂತೆ, ಇದನ್ನು ಅವರ ಕೈಯಲ್ಲಿ ಕೊಡುತ್ತೇನೆ. ಮುಗಿಸಲು ಆಗು


ಕೊಯಿಲ
15 ಮಾರ್ಚ್ 1959

ಸೇವಂತಿ,

ಈ ಕಾಗದ ತಲುಪುವಾಗ ನಿನ್ನ ಮಡಿಲಲ್ಲಿ ಮಗು ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಎಂತ ಬರೆಯಬೇಕು ಅಂತಲೂ ಗೊತ್ತಾಗುವುದಿಲ್ಲ.

ನಿನ್ನ ಅರ್ಧ ಕಾಗದ ನಿನ್ನೆ ಬೆಳಿಗ್ಗೆ ಕೈಗೆ ಬಂತು. ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ಪುತ್ತೂರಿಗೆ ಬಂದೆ. ಹೌದು, ಬಂದಿದ್ದೆ. ಆಸ್ಪತ್ರೆಯ ಗೇಟಿನವರೆಗೆ ಬಂದೆ. ಅವ್ವ ಜಗಲಿಯ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಅವಳ ತಲೆ ಪೂರ್ತಿ ಬೆಳ್ಳಗಾಗಿದೆಯಲ್ಲ ಸೇವಂತಿ, ನೀನು ಒಂದು ಸಲವೂ ಬರೆಯಲಿಲ್ಲ. ಎರಡು ಕೈಯೂ ಮಡಿಲಲ್ಲಿ ಖಾಲಿ ಇಟ್ಟುಕೊಂಡು ನೆಲ ನೋಡುತ್ತಿದ್ದಳು. ಪೂವಪ್ಪ ಹೋದ ದಿನವೂ ಹಾಗೆಯೇ ಕೂತಿದ್ದಳು. ಮಗು ಹೋಯಿತು ಅಂತ ನನಗೆ ನಿಶ್ಚಯವಾಯಿತು. ಗೇಟಿನ ಚಿಲಕದ ಮೇಲೆ ಕೈ ಇಟ್ಟವಳು ತೆಗೆದೆ. ಒಳಗೆ ಹೋಗಿ ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಹೇಳಿಬಿಡುತ್ತಾರೆ ಅಂತ ಹೆದರಿ ಕೇಳಲಿಲ್ಲ. ಮುಂದಿನ ಬಸ್ಸಿಗೆ ವಾಪಸು ಬಂದೆ.

ಬಾವ ಬಾಗಿಲಲ್ಲೇ ನಿಂತಿದ್ದರು. "ಹೇಗುಂಟು?" ಅಂತ ಕೇಳಿದರು. "ಗೊತ್ತಿಲ್ಲ" ಅಂದೆ. ಅವರು ನನ್ನನ್ನು ನೋಡಿದ ರೀತಿಯನ್ನು ನಾನು ಮರೆಯಲಿಕ್ಕಿಲ್ಲ. ಕರುಗಳ ಕೊಟ್ಟಿಗೆಗೆ ಹೋದರು.

ಒಂದು ಸಾಲು ಬರಿ. ಉಂಟು ಅಥವಾ ಇಲ್ಲ.

ಕಮಲ


ಪುತ್ತೂರು
19 ಮಾರ್ಚ್ 1959

ಅಕ್ಕ,

ಉಂಟು.

ನಿನ್ನ ಮೇಲೆ ಸಿಟ್ಟು ಬಂದು ಎರಡು ದಿನ ಆ ಒಂದು ಶಬ್ದವನ್ನೂ ಬರೆಯಲಿಲ್ಲ. ಗೇಟಿನವರೆಗೆ ಬಂದು ಹೋದೆಯಾ? ನಾನು ಇಲ್ಲಿ ಒಬ್ಬಳೇ ಸಾಯುತ್ತಿದ್ದೆ. ಈಗ ಸಿಟ್ಟಿಗೂ ಶಕ್ತಿ ಇಲ್ಲ.

ಅವತ್ತು ಬಾಗಿಲು ತೆರೆದಾಗ ಹನ್ನೊಂದೂವರೆ. ಡಾಕ್ಟ್ರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ಜೀವ ಉಂಟು" ಅಂದರು. "ಚೆನ್ನಾಗಿದೆ" ಅನ್ನಲಿಲ್ಲ. ಭಾನುವಾರ ಅಂಚಿನಲ್ಲಿ ಮತ್ತೆ ಕಪ್ಪು ಕಂಡಿತು ಅಂತ ಇನ್ನೊಂದು ಸಲ ಒಳಗೆ ತೆಗೆದುಕೊಂಡು ಹೋದರು. ಈಗ ಹೊಟ್ಟೆಯ ಮೇಲೆ ನನ್ನ ಅಂಗೈ ಅಗಲದ ಗಾಯ. ಚರ್ಮವೇ ಇಲ್ಲ. ಹೊಕ್ಕುಳೂ ಇಲ್ಲ. ದಿನಕ್ಕೆ ಎರಡು ಸಲ ಬಟ್ಟೆ ಬದಲಿಸಬೇಕು. ಬದಲಿಸುವಾಗ ನಾನು ಹತ್ತಿರ ಇರಬೇಕು ಅಂತ ರಾಜೀವಿಯಮ್ಮ ಹೇಳುತ್ತಾರೆ, ಮನೆಗೆ ಹೋದ ಮೇಲೆ ನಾನೇ ಮಾಡಬೇಕಲ್ಲ. ನನಗೆ ಆಗುವುದಿಲ್ಲ. ಒಂದು ಸಲ ನೋಡಿದೆ, ಕಣ್ಣಿಗೆ ಕತ್ತಲೆ ಕಟ್ಟಿ ಬಿದ್ದೆ. ಎದೆಹಾಲೂ ಹೆದರಿಕೆಗೆ ಬತ್ತಿದ ಹಾಗೆ ಆಗಿತ್ತು, ಈಗ ಸ್ವಲ್ಪ ಬರುತ್ತದೆ. ಹಿಂಡಿ ಚಮಚದಲ್ಲಿ ಬಾಯಿಗೆ ಬಿಡುತ್ತೇವೆ. ಬುಧವಾರ, ನಿನ್ನೆ, ಮೊದಲ ಸಲ ಜ್ವರ ಇಳಿಯಿತು. ನಿನ್ನೆಯೇ ಮೊದಲ ಸಲ ಅತ್ತಿತು. ಅಳು ಕೇಳಿ ಅವ್ವ ಓಡಿ ಬಂದಳು, ನಾನು ಓಡಿ ಬಂದೆ, ಇಬ್ಬರೂ ಮಗುವನ್ನು ಮುಟ್ಟಲು ಹೆದರಿ ಸುಮ್ಮನೆ ನಿಂತೆವು.

ಡಾಕ್ಟ್ರು ಇನ್ನೂ ಭರವಸೆ ಕೊಟ್ಟಿಲ್ಲ. ಹತ್ತು ದಿನ ಹೋಗಲಿ ಅನ್ನುತ್ತಾರೆ.

ಅವ್ವ ನಿನಗೆ ಬರೆಸಬೇಕಂತೆ. ಅವಳು ಹೇಳಿದ ಹಾಗೆ ಬರೆಯುತ್ತೇನೆ, ಒಂದು ಮಾತೂ ಬದಲಿಸಬಾರದು ಅಂತ ತಾಕೀತು.

"ಕಮಲ, ನೀನು ಗೇಟಿನ ಹತ್ತಿರ ನಿಂತದ್ದು ನಾನು ನೋಡಿದೆ. ಕರೆಯಲಿಲ್ಲ. ಅವತ್ತು ನನಗೆ ನಿನ್ನ ಮೇಲೆ ಕೋಪ ಇತ್ತು. ನಾಲ್ಕು ವರ್ಷ ನಾನು ನನ್ನ ಈ ಕೈಯನ್ನು ನೋಡಿ ಹೇಸಿದ್ದೇನೆ. ಯಾರ ಮಕ್ಕಳನ್ನೂ ಮುಟ್ಟಲಿಲ್ಲ. ನೀನು ಒಂದು ಕಾರ್ಡು ಬರ್ದಿದ್ರೆ ಆಗ್ತಿತ್ತು. ಅದನ್ನು ನಾನು ಹೇಳದೆ ಇರುದಿಲ್ಲ.

"ನಾನು ಡಾಕ್ಟ್ರ ಹತ್ತಿರ ಕೇಳಿದೆ. ಮಸಿ ಹಚ್ಚಿದ್ರಿಂದ ಬರ್ತದಾ, ಎರಡು ದಿನ ತಡ ಮಾಡಿದ್ರಿಂದ ಸತ್ತದ್ದಾ ಅಂತ. ಅವರು ಹೇಳಿದ್ರು, ಮಸಿಯಿಂದ ಬಂದಿರಬಹುದು, ಈ ಮಗುವಿಗೆ ಮಸಿ ಹಾಕದೆಯೂ ಬಂತಲ್ಲ. ಬೇಗ ತಂದಿದ್ರೂ ಆ ಮಗು ಉಳೀತಿತ್ತು ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಂತ. ಹಾಗಾದ್ರೆ ತಪ್ಪು ಯಾರದ್ದು ಅಂತ ಕೇಳಿದೆ. ಅವರು ಮಗುವಿನ ಜ್ವರ ನೋಡ್ಲಿಕ್ಕೆ ಬಗ್ಗಿದ್ರು. ನನಗೆ ಆ ಉತ್ತರ ಬೇಡ ಇನ್ನು. ನನ್ನದೂ ಉಂಟು, ನಿನ್ನದೂ ಉಂಟು ಅಂತ ಇಟ್ಟುಕೊಳ್ಳುವ.

"ನಿನ್ನ ತಂಗಿಗೆ ಗಾಯ ನೋಡಿದ್ರೆ ತಲೆ ತಿರುಗ್ತದೆ. ನನಗೆ ಕಣ್ಣು ಸರಿ ಕಾಣುದಿಲ್ಲ, ಕೈ ನಡುಗ್ತದೆ. ಮತ್ತೆ ಕಪ್ಪು ಬಂದ್ರೆ ಗುರ್ತು ಹಿಡಿಯುದು ಯಾರು? ನೀನು ಗಂಡನ ಹತ್ತಿರ ಕರುಗಳ ಗಾಯ ತೊಳೆಯುದು ಕಲ್ತವಳು. ಬಾ. ನನಗೆ ಇಲ್ಲಿ ಹೆದರಿಕೆ ಆಗ್ತದೆ ಮಗಾ. ಒಬ್ಬಳೇ ಕೂತು ಹೆದರಿದ್ದು ಸಾಕು."

ಇಷ್ಟು ಹೇಳಿ ಅವ್ವ ನೀರು ತರುತ್ತೇನೆ ಅಂತ ಕೊಡ ಹಿಡಿದು ಎದ್ದು ಹೋದಳು. ಕೊಡದಲ್ಲಿ ನೀರು ಇತ್ತು.

ಸೇವಂತಿ


ಕೊಯಿಲ
21 ಮಾರ್ಚ್ 1959

ಇದನ್ನು ಸಾಹುಲ್ ಹಮೀದ್ ಕೈಯಲ್ಲಿ ಇವತ್ತೇ ಕಳಿಸುತ್ತೇನೆ. ನಾಳೆ ಬೆಳಗ್ಗಿನ ಬಸ್ಸಿಗೆ ಬರುತ್ತೇನೆ. ಗೇಟಿನ ಹತ್ತಿರ ಯಾರಾದರೂ ನಿಲ್ಲಿ. ನಾನು ಮತ್ತೆ ಹಿಂದೆ ತಿರುಗಿದರೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ.

ಕಮಲ


ಐವರ್ನಾಡು
9 ಆಗಸ್ಟ್ 1959

ಅಕ್ಕ,

ನೀನು ಹೋಗಿ ಎರಡೂವರೆ ತಿಂಗಳು ಆಯಿತು. ಅಷ್ಟರಲ್ಲಿ ನಾನು ಬರೆದದ್ದು ಮೂರು ಕಾರ್ಡು, ಮೂರರಲ್ಲೂ "ಗಾಯ ಒಣಗುತ್ತಾ ಉಂಟು" ಅಂತ ಒಂದೇ ಮಾತು. ಬೇರೆ ಬರೆಯಲು ಹೆದರಿಕೆ. ಒಳ್ಳೆಯದು ಬರೆದರೆ ಮರುದಿನ ಏನಾದರೂ ಆಗುತ್ತದೆ ಅಂತ.

ನೀನು ಎರಡು ತಿಂಗಳು ದಿನಕ್ಕೆ ಎರಡು ಸಲ ಆ ಗಾಯ ತೊಳೆದು ಕಟ್ಟಿದೆಯಲ್ಲ, ಅದು ಈಗ ಪೂರ್ತಿ ಮುಚ್ಚಿತು. ಮೇಲಿನ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ, ಹೊಳೆಯುತ್ತದೆ. ಹೊಕ್ಕುಳು ಇರಬೇಕಾದಲ್ಲಿ ಒಂದು ಮಡಿಕೆ ಮಾತ್ರ. ಜೂನಿನಲ್ಲಿ ಇವರು ರಜೆಗೆ ಬಂದಾಗ ನಾನು ಬಟ್ಟೆ ಸರಿಸಿ ತೋರಿಸಿದೆ. ತುಂಬ ಹೊತ್ತು ನೋಡಿದರು. ಮುಟ್ಟಿ ನೋಡಿ ಅಂದೆ, ಕೈ ಮುಂದೆ ಬರಲಿಲ್ಲ. ಬಂದೂಕು ಹಿಡಿಯುವವರು. ಪೆರಾಬೆಯ ಅತ್ತೆ, "ಹೆಣ್ಣು ಮಗುವಿಗೆ ಹೀಗಾಯ್ತಲ್ಲ" ಅಂದಾಗ ಮಾತ್ರ ಇವರು ಬಾಯಿ ತೆರೆದು, "ಜೀವ ಉಂಟಲ್ಲ ಅಮ್ಮ" ಅಂತ ಗದರಿದರು.

ನಾವು ಅವಳನ್ನು ಎತ್ತುವುದೇ ಬೇರೆ ರೀತಿ. ಒಂದು ಕೈ ಕುತ್ತಿಗೆಗೆ, ಒಂದು ಕೈ ಸೊಂಟಕ್ಕೆ, ಹೊಟ್ಟೆ ಯಾರ ಮೈಗೂ ತಾಗಬಾರದು. ಹೆಗಲಿಗೆ ಹಾಕಿಕೊಳ್ಳುವುದಿಲ್ಲ. ಮಲಗಿಸುವುದು ಬೆನ್ನ ಮೇಲೆ ಮಾತ್ರ. ದಿನಾ ಎದ್ದ ಕೂಡಲೇ ನಾನು ಮಾಡುವ ಮೊದಲ ಕೆಲಸ ಅವಳ ಬಟ್ಟೆ ಸರಿಸಿ ಎಲ್ಲಾದರೂ ಕೆಂಪು ಉಂಟಾ ಅಂತ ಹುಡುಕುವುದು. ಸೊಳ್ಳೆ ಕಚ್ಚಿದ ಗುರುತು ಕಂಡರೂ ಮಸಿಕಡ್ಡಿಯಿಂದ ಸುತ್ತ ಗೆರೆ ಎಳೆಯುತ್ತೇನೆ. ಹೋದ ವಾರ ಅಂಥದ್ದೇ ಒಂದು ಗುರುತಿಗೆ ಅಣ್ಣನನ್ನು ಕೇಳಿ ಬರಲು ಪುತ್ತೂರಿಗೆ ಕಳಿಸಿದ್ದೆ. ಸರ್ವೋತ್ತಮ ಡಾಕ್ಟ್ರು ನಕ್ಕು, "ಬರಲಿ ಬಿಡಿ, ಸುಮ್ಮನೆ ಬಂದದ್ದು ಒಳ್ಳೇದೇ" ಅಂದರಂತೆ.

ಮೀಯಿಸುವುದು ಈಗ ಅವ್ವನೇ. ಇದು ನಿನಗೆ ಗೊತ್ತಿಲ್ಲ. ಹೋದ ತಿಂಗಳು ಒಂದು ದಿನ ನನಗೆ ತಲೆನೋವು ಅಂತ ಮಲಗಿದ್ದೆ, ಏಳುವಾಗ ನೋಡಿದರೆ ಅವಳು ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿ ನೀರು ಹೊಯ್ಯುತ್ತಿದ್ದಾಳೆ. ಯಾರೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಮೊನ್ನೆ ಚನಿಯಪ್ಪನ ಮನೆಯವರು ಸೊಸೆಗೆ ನೋವು ಬಂದಿದೆ ಅಂತ ಕರೆಯಲು ಬಂದರು. ಅವ್ವ ಬಹಳ ಹೊತ್ತು ಬಾಗಿಲಲ್ಲಿ ನಿಂತಳು. ಆಮೇಲೆ, "ಆಸ್ಪತ್ರೆಗೆ ಹೋಗುವ, ನಾನೂ ಜೊತೆಗೆ ಬರ್ತೇನೆ" ಅಂತ ಹೊರಟಳು.

ಈಗ ನಿನ್ನೆಯದ್ದು ಹೇಳುತ್ತೇನೆ. ಅದಕ್ಕೇ ಈ ಕಾಗದ.

ಬೆಳಿಗ್ಗೆ ಭವಾನಿಯನ್ನು ಚಾವಡಿಯಲ್ಲಿ ಚಾಪೆಯ ಮೇಲೆ ಮಲಗಿಸಿ ನಾನು ಕಾಯಿ ತುರಿಯುತ್ತಿದ್ದೆ. ಅವ್ವ ಪಕ್ಕದಲ್ಲಿ ವೀಳ್ಯದೆಲೆ ಒರೆಸುತ್ತಿದ್ದಳು. ಮಗು ಒಂದು ಕಾಲು ಎತ್ತಿ ಪಕ್ಕಕ್ಕೆ ವಾಲಿತು. ಹಾಗೆ ದಿನಾ ಮಾಡುತ್ತದೆ, ವಾಲಿ ವಾಪಸು ಬೀಳುತ್ತದೆ. ನಿನ್ನೆ ವಾಪಸು ಬೀಳಲಿಲ್ಲ. ನೋಡುತ್ತಿದ್ದ ಹಾಗೆ ತಿರುಗಿ ಬೋರಲು ಬಿತ್ತು. ಆ ಹೊಟ್ಟೆಯ ಮೇಲೆ, ಅಕ್ಕ. ಗಟ್ಟಿ ಚಾಪೆಯ ಮೇಲೆ.

ನಾನು ಕಿರುಚಿಕೊಂಡು ಎದ್ದೆ. ಆ ತೆಳು ಚರ್ಮ ಹರಿದೇ ಹೋಯಿತು ಅಂತ. ಎತ್ತಲು ಬಗ್ಗಿದವಳನ್ನು ಅವ್ವ ಸೆರಗು ಹಿಡಿದು ಎಳೆದಳು.

"ಬಿಡು. ಮುಟ್ಟಬೇಡ."

"ಅವ್ವ, ಗಾಯ..."

"ಗಾಯ ಇಲ್ಲ ಈಗ. ಸುಮ್ಮನೆ ನೋಡು."

ಅವಳು ಹಾಗೆ ಹೇಳಿದರೂ ನನ್ನ ಸೆರಗು ಬಿಡದೆ ತಾನೂ ಮಗುವಿನ ಹತ್ತಿರ ಸರಿದಳು. ಮಗು ಮುಖ ಚಾಪೆಗೆ ಒತ್ತಿ ಮುಕ್ಕರಿಯಿತು. ಆಮೇಲೆ ಎರಡೂ ಕೈ ಊರಿ ತಲೆ ಎತ್ತಿತು. ಕುತ್ತಿಗೆ ಅತ್ತ ಇತ್ತ ವಾಲುತ್ತಿತ್ತು. ಬಾಯಿಯಿಂದ ಜೊಲ್ಲು. ನಮ್ಮಿಬ್ಬರನ್ನೂ ನೋಡಿತು, ಇವರಿಗೆ ಎಂತ ಆಗಿದೆ ಅನ್ನುವ ಹಾಗೆ.

ನಾನು ತಡೆಯಲಾಗದೆ ಮೆಲ್ಲ ಎತ್ತಿ ಬಟ್ಟೆ ಸರಿಸಿ ನೋಡಿದೆ. ಏನೂ ಆಗಿರಲಿಲ್ಲ. ಚಾಪೆಯ ಗೆರೆ ಮೂಡಿತ್ತು, ಅಷ್ಟೇ. ಬೆನ್ನ ಮೇಲೆ ಮಲಗಿಸಿದೆ. ಅಳಲು ಶುರು ಮಾಡಿದಳು. ನಿನ್ನೆಯಿಂದ ಹೀಗೆಯೇ. ಎಷ್ಟು ಸಲ ತಿರುಗಿಸಿ ಮಲಗಿಸಿದರೂ ಕಾಲು ಎತ್ತಿ ವಾಲಿ ಮತ್ತೆ ಅದೇ ಹೊಟ್ಟೆಯ ಮೇಲೆ ಬೀಳುತ್ತಾಳೆ. ಈಗಲೂ ಹಾಗೆಯೇ ಬಿದ್ದಿದ್ದಾಳೆ. ನಾನು ಒಂದು ಕಣ್ಣು ಅವಳ ಮೇಲೆ ಇಟ್ಟು ಇದನ್ನು ಬರೆಯುತ್ತಿದ್ದೇನೆ, ಹೆದರಿಕೆ ಹೋಗಿಲ್ಲ.

ನಿನ್ನ
ಸೇವಂತಿ